ನಿಮಗಿದು ಗೊತ್ತೇ? ಮೋಡದೊಳಗೆ 178 ಸೆಕೆಂಡು

ಎಂಜಿನ್ ನಿಂತರೆ ಸಣ್ಣ ವಿಮಾನ ಕಲ್ಲಿನ ಹಾಗೆ ಬಿದ್ದುಬಿಡುತ್ತದೆ ಎಂದು ನಂಬಿದವರು ಬಹಳ ಮಂದಿ. ಹಾಗೇನೂ ಆಗುವುದಿಲ್ಲ. 1956ರಲ್ಲಿ ಮಾರಾಟಕ್ಕೆ ಬಂದು ಈವರೆಗೆ 44,000ಕ್ಕೂ ಹೆಚ್ಚು ತಯಾರಾಗಿರುವ ಸೆಸ್ನಾ 172 ವಿಮಾನವನ್ನೇ ನೋಡಿ. ಎಂಜಿನ್ ಸತ್ತರೂ ಒಂದು ಕಿಲೋಮೀಟರ್ ಎತ್ತರದಿಂದ ಸುಮಾರು ಒಂಬತ್ತು ಕಿಲೋಮೀಟರ್ ದೂರದವರೆಗೆ ಅದು ತೇಲಿಕೊಂಡು ಹೋಗಬಲ್ಲದು. ಅಷ್ಟರೊಳಗೆ ಒಂದು ಬಯಲು ಸಿಕ್ಕರೆ ಸಾಕು.

ಕಷ್ಟ ಇರುವುದು ನೆಲ ಬಿಟ್ಟ ಕೂಡಲೇ ಎಂಜಿನ್ ಕೈಕೊಟ್ಟಾಗ. ರನ್‌ವೇ ಇನ್ನೂ ಬೆನ್ನ ಹಿಂದೆಯೇ ಇರುತ್ತದೆ, ತಿರುಗಿಸಿ ಅಲ್ಲಿಗೇ ಮರಳೋಣ ಎಂದು ಮನಸ್ಸು ಎಳೆಯುತ್ತದೆ. ಪೈಲಟ್‌ಗಳು ಅದನ್ನು ‘ಅಸಾಧ್ಯ ತಿರುವು’ ಎಂದೇ ಕರೆಯುತ್ತಾರೆ. ಎದುರಿಗೆ ಕಂಡ ಹೊಲದಲ್ಲೇ ಇಳಿಸು, ಹಿಂದೆ ನೋಡಬೇಡ ಎಂಬುದು ತರಬೇತಿಯ ಮೊದಲ ಪಾಠಗಳಲ್ಲೊಂದು.

ಕಾರಣ ರೆಕ್ಕೆಯಲ್ಲಿದೆ. ಗಾಳಿಗೆ ಸುಮಾರು 15-16 ಡಿಗ್ರಿಗಿಂತ ಹೆಚ್ಚಿನ ಕೋನದಲ್ಲಿ ಎದುರಾದರೆ ಅದು ಎತ್ತುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಇದೇ ಸ್ಟಾಲ್. ಎಂಜಿನ್ ಭರ್ಜರಿಯಾಗಿ ಓಡುತ್ತಿದ್ದರೂ ಇದು ಆಗಬಹುದು. ಎತ್ತರ ಕಳೆದುಕೊಳ್ಳದೆ 60 ಡಿಗ್ರಿ ವಾಲಿ ತಿರುಗಿದರೆ ಸ್ಟಾಲ್ ಆಗುವ ವೇಗ ಶೇ. 41ರಷ್ಟು ಏರುತ್ತದೆ.

ಅಮೆರಿಕದಲ್ಲಿ ಸಣ್ಣ ವಿಮಾನಗಳ ಅಪಘಾತಗಳನ್ನು ವರ್ಷವರ್ಷವೂ ಲೆಕ್ಕ ಹಾಕುವವರು ಹೇಳುವಂತೆ, ನಾಲ್ಕರಲ್ಲಿ ಸರಿಸುಮಾರು ಮೂರಕ್ಕೆ ಕಾರಣ ಯಂತ್ರವಲ್ಲ, ಪೈಲಟ್‌ನ ನಿರ್ಧಾರ ಅಥವಾ ಕೈಚಳಕದ ಕೊರತೆ. ಈ ಮಾತನ್ನು ಸತ್ತವರ ಮೇಲಿನ ದೂರಿನಂತೆ ಓದಬಾರದು. ಯಾಕೆಂಬುದು ಮುಂದಿನ ಪ್ರಯೋಗದಿಂದ ತಿಳಿಯುತ್ತದೆ.

1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದವರು, ಬರೀ ಉಪಕರಣ ನೋಡಿ ಹಾರಿಸುವ ತರಬೇತಿ ಇಲ್ಲದ 20 ಜನರನ್ನು ಹೊರಗೆ ಏನೂ ಕಾಣದ ಕೃತಕ ಸ್ಥಿತಿಯಲ್ಲಿ ವಿಮಾನ ನಡೆಸಲು ಕೂರಿಸಿದರು. ಇಪ್ಪತ್ತಕ್ಕೆ ಇಪ್ಪತ್ತೂ ಜನ ಹತೋಟಿ ತಪ್ಪಿದರು. ಒಬ್ಬರು 20 ಸೆಕೆಂಡಿಗೇ ಸೋತರೆ ಇನ್ನೊಬ್ಬರು 480 ಸೆಕೆಂಡಿನವರೆಗೆ ನಿಭಾಯಿಸಿದರು. ಸರಾಸರಿ 178 ಸೆಕೆಂಡು, ಅಂದರೆ ಮೂರು ನಿಮಿಷವೂ ಇಲ್ಲ. ಕ್ಷಿತಿಜ ಮರೆಯಾದೊಡನೆ ಒಳಗಿವಿಯ ಸಮತೋಲದ ಅಂಗ ಸುಳ್ಳು ಹೇಳತೊಡಗುತ್ತದೆ. ವಿಮಾನ ನಿಧಾನವಾಗಿ ವಾಲಿ ಸುರುಳಿಯಲ್ಲಿ ಇಳಿಯುತ್ತಿದ್ದರೂ, ನೆಟ್ಟಗೆ ಹೋಗುತ್ತಿದ್ದೇನೆ ಎಂದೇ ಪೈಲಟ್‌ಗೆ ಅನಿಸುತ್ತದೆ. ಧೈರ್ಯ, ಬುದ್ಧಿ, ಅನುಭವ ಯಾವುದೂ ಆ ಕಿವಿಯನ್ನು ತಿದ್ದಲಾರದು. ತಿದ್ದಬಲ್ಲದ್ದು ಉಪಕರಣವನ್ನೇ ನಂಬುವ ಅಭ್ಯಾಸ ಮಾತ್ರ.

1959ರ ಫೆಬ್ರವರಿ 3ರ ನಸುಕಿಗೂ ಮೊದಲು ಅಯೋವಾದ ಕ್ಲಿಯರ್ ಲೇಕ್ ಬಳಿ ಗಾಯಕ ಬಡಿ ಹಾಲಿ ಮತ್ತು ಸಂಗಡಿಗರನ್ನು ಬಲಿ ತೆಗೆದುಕೊಂಡದ್ದು ಇಂಥದೇ ಕತ್ತಲು. ಆ ಬೀಚ್‌ಕ್ರಾಫ್ಟ್ ಬೊನಾಂಜಾದ ಪೈಲಟ್‌ಗೆ 21 ವರ್ಷ, ಉಪಕರಣ ಹಾರಾಟದ ಅರ್ಹತೆ ಇರಲಿಲ್ಲ. ಹವಾಮಾನದ ಎಚ್ಚರಿಕೆ ಅವರಿಗೆ ಪೂರ್ತಿ ತಲುಪಿರಲಿಲ್ಲ. ಮೇಲಾಗಿ ಏರಿಳಿತ ತೋರಿಸುವ ಉಪಕರಣ, ಅವರು ಕಲಿತಿದ್ದಕ್ಕೆ ಉಲ್ಟಾ ತೋರಿಸುವ ಮಾದರಿಯದ್ದಾಗಿತ್ತು. ಮತ್ತೆ 1999ರ ಜುಲೈ 16ರ ರಾತ್ರಿ, ಮಬ್ಬು ಕವಿದ ಸಮುದ್ರದ ಮೇಲೆ ಜಾನ್ ಎಫ್. ಕೆನಡಿ ಜೂನಿಯರ್ ತಾವೇ ಹಾರಿಸುತ್ತಿದ್ದ ಪೈಪರ್ ಸರಟೋಗಾ, ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದ ಬಳಿ ನೀರಿಗೆ ಬಿತ್ತು. ಮೋಡವೇ ಬೇಕಿಲ್ಲ, ಕತ್ತಲ ರಾತ್ರಿಯ ಮಬ್ಬೂ ಸಾಕು.

ಕನ್ನಡಿಗರಿಗೆ ಸಣ್ಣ ವಿಮಾನವೆಂದರೆ ಥಟ್ಟನೆ ನೆನಪಾಗುವುದು 2004ರ ಏಪ್ರಿಲ್ 17. ಬೆಂಗಳೂರಿನ ಜಕ್ಕೂರಿನಿಂದ ಹೊರಟ ಒಂಟಿ ಎಂಜಿನ್‌ನ ಸೆಸ್ನಾ 180, ಏರಿದ ಸ್ವಲ್ಪ ಹೊತ್ತಿನಲ್ಲೇ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಬಿದ್ದು ಉರಿಯಿತು. ಅದರಲ್ಲಿದ್ದ ನಾಲ್ವರಲ್ಲಿ ನಟಿ ಸೌಂದರ್ಯ ಒಬ್ಬರು. ಚುನಾವಣಾ ಪ್ರಚಾರಕ್ಕೆಂದು ಕರೀಂನಗರಕ್ಕೆ ಹೊರಟಿದ್ದರು. ತಾವೇ ನಿರ್ಮಿಸಿ ನಟಿಸಿದ ‘ದ್ವೀಪ’ಕ್ಕೆ ರಾಷ್ಟ್ರಪ್ರಶಸ್ತಿ ಬಂದಿತ್ತು. ನಾಯಕರನ್ನೂ ತಾರೆಯರನ್ನೂ ಸಣ್ಣ ವಿಮಾನ, ಹೆಲಿಕಾಪ್ಟರುಗಳಲ್ಲಿ ಊರೂರಿಗೆ ಓಡಿಸುವ ಚುನಾವಣೆಯ ಅವಸರಕ್ಕೆ ಒಂದು ಕಡಿವಾಣ ಬೇಕೇ ಬೇಕು.

ಪಿಸ್ಟನ್ ವಿಮಾನಗಳ 100ಎಲ್‌ಎಲ್ ಪೆಟ್ರೋಲಿಗೆ ನೀಲಿ ಬಣ್ಣ ಹಾಕಿರುತ್ತಾರೆ. ಜೆಟ್ ಇಂಧನ ಬಣ್ಣವಿಲ್ಲದ್ದು ಅಥವಾ ತಿಳಿಹಳದಿ. ತಪ್ಪು ಇಂಧನ ತುಂಬಿದರೆ ಕಣ್ಣಿಗೆ ಗೊತ್ತಾಗಲಿ ಎಂದೇ ಈ ಏರ್ಪಾಡು. ನೀರು ತಳಕ್ಕೆ ಇಳಿಯುವುದರಿಂದ, ಹಾರುವ ಮುನ್ನ ಟ್ಯಾಂಕಿನ ಅಡಿಯಿಂದ ಒಂದಿಷ್ಟು ತೆಗೆದು ಬೆಳಕಿಗೆ ಹಿಡಿದು ನೋಡುತ್ತಾರೆ.

ಕಾರ್ಬುರೇಟರಿನೊಳಗೆ ಮಂಜುಗಟ್ಟಲು ಚಳಿಗಾಲವೇ ಬೇಕಿಲ್ಲ! ತೇವ ಹೆಚ್ಚಿದ್ದರೆ ಹೊರಗೆ 25 ಡಿಗ್ರಿ ಇದ್ದಾಗಲೂ ಮಂಜು ಕಟ್ಟಿ ಎಂಜಿನ್ ನಿಲ್ಲಬಹುದು.

ವಿಮಾನ ಅಪಘಾತದಲ್ಲಿ ಪ್ರಾಣ ಕಳೆದುಕೊಂಡ ಮೊದಲ ಪ್ರಯಾಣಿಕ ಅಮೆರಿಕ ಸೇನೆಯ ಥಾಮಸ್ ಸೆಲ್‌ಫ್ರಿಜ್. 1908ರ ಸೆಪ್ಟೆಂಬರ್ 17ರಂದು, ವರ್ಜೀನಿಯಾದ ಫೋರ್ಟ್ ಮೈಯರ್‌ನಲ್ಲಿ. ವಿಮಾನ ನಡೆಸುತ್ತಿದ್ದವರು ಸ್ವತಃ ಆರ್ವಿಲ್ ರೈಟ್. ಸೀಳಿದ ಪ್ರೊಪೆಲರ್ ಒಂದು ತಂತಿಯನ್ನು ಕಡಿದಿತ್ತು. ಸೆಲ್‌ಫ್ರಿಜ್ ಸತ್ತದ್ದು ತಲೆಬುರುಡೆ ಒಡೆದು. ಆಮೇಲೆ ಸೇನೆಯ ಪೈಲಟ್‌ಗಳ ತಲೆಗೆ ಶಿರಸ್ತ್ರಾಣ ಬಂತು.

ನೀವು ಕಾರಿನಲ್ಲಿ ಬಿಗಿದುಕೊಳ್ಳುವ ಬೆಲ್ಟಿನ ಹಿಂದೆಯೂ ಒಂದು ವಿಮಾನ ಅಪಘಾತವಿದೆ. 1917ರಲ್ಲಿ ತರಬೇತಿಯಲ್ಲಿದ್ದ ಹ್ಯೂ ಡಿಹೇವನ್ ಅವರ ವಿಮಾನ ಇನ್ನೊಂದಕ್ಕೆ ಡಿಕ್ಕಿಯಾಗಿ ನೆಲಕ್ಕಪ್ಪಳಿಸಿತು. ಬದುಕುಳಿದರು, ಆದರೆ ಪಿತ್ತಜನಕಾಂಗ ಹರಿದಿತ್ತು. ಹರಿದದ್ದು ತಮ್ಮದೇ ಬೆಲ್ಟಿನ ಚೂಪು ಬಕಲ್‌ನಿಂದ ಎಂದು ಅವರು ಊಹಿಸಿದರು. ಅಪಘಾತ ತಪ್ಪಿಸುವುದಷ್ಟೇ ಅಲ್ಲ, ಅಪಘಾತವಾದರೂ ಮನುಷ್ಯ ಉಳಿಯುವಂತೆ ಆಸನ, ಬೆಲ್ಟು, ಡ್ಯಾಶ್‌ಬೋರ್ಡುಗಳನ್ನು ರೂಪಿಸಬಹುದು ಎಂಬ ಯೋಚನೆ ಹುಟ್ಟಿದ್ದು ಅಲ್ಲಿಂದ. ಮುಂದೆ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಅದನ್ನೇ ಅಧ್ಯಯನವಾಗಿ ಬೆಳೆಸಿದರು. ಈ ಕ್ಷೇತ್ರ ಅವರಿಗೆ ಋಣಿಯಾಗಿರಬೇಕಾದಷ್ಟು ಬೇರೊಬ್ಬರಿಗೆ ಋಣಿಯಾಗಿರಬೇಕಿಲ್ಲ ಎಂದು ನನ್ನ ಭಾವನೆ.

ಇಡೀ ವಿಮಾನಕ್ಕೇ ಪ್ಯಾರಾಚೂಟ್ ಇದೆ. 1985ರಲ್ಲಿ ಆಕಾಶದಲ್ಲಿ ಡಿಕ್ಕಿಯಾಗಿ ರೆಕ್ಕೆಯ ತುದಿ ಕಳೆದುಕೊಂಡೂ ಇಳಿದು ಬಂದ ಅಲನ್ ಕ್ಲ್ಯಾಪ್‌ಮೈಯರ್, ಮುಂದೆ ತಮ್ಮ ಸಿರಸ್ ಕಂಪನಿಯ ಪ್ರತಿ ವಿಮಾನದಲ್ಲೂ ರಾಕೆಟ್ಟಿನಿಂದ ಚಿಮ್ಮುವ ಪ್ಯಾರಾಚೂಟ್ ಅಳವಡಿಸಿದರು. 2002ರ ಅಕ್ಟೋಬರ್‌ನಲ್ಲಿ ಟೆಕ್ಸಸ್‌ನಲ್ಲಿ ಅದು ಮೊದಲ ಬಾರಿಗೆ ಒಬ್ಬ ಪೈಲಟ್‌ನ ಪ್ರಾಣ ಉಳಿಸಿತು. ಹಿಡಿ ಎಳೆಯಲು ತಡಮಾಡಿದರೆ ಮಾತ್ರ ಫಲವಿಲ್ಲ.

1972ರ ಅಕ್ಟೋಬರ್‌ನಲ್ಲಿ ಅಮೆರಿಕದ ಸಂಸದರಾದ ಹೇಲ್ ಬಾಗ್ಸ್ ಮತ್ತು ನಿಕ್ ಬೆಗಿಚ್ ಇದ್ದ ಸೆಸ್ನಾ 310 ಅಲಾಸ್ಕಾದಲ್ಲಿ ಕಾಣೆಯಾಯಿತು. ಇಂದಿಗೂ ಅದು ಸಿಕ್ಕಿಲ್ಲ. ಬಿದ್ದ ಕೂಡಲೇ ತಾನಾಗಿ ರೇಡಿಯೊ ಸಂಕೇತ ಕಳಿಸುವ ಸಾಧನ ಅಲ್ಲಿನ ವಿಮಾನಗಳಲ್ಲಿ ಕಡ್ಡಾಯವಾಗಲು ಈ ಪ್ರಕರಣದ ಒತ್ತಡ ಬಹಳಷ್ಟು ಕಾರಣ.

ಹತ್ತು ವರ್ಷದ ಬಳಿಕ, 1982ರ ಸೆಪ್ಟೆಂಬರ್‌ನಲ್ಲಿ, ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಬಿದ್ದ ಸಣ್ಣ ವಿಮಾನವೊಂದರ ಸಂಕೇತವನ್ನು ಸೋವಿಯತ್ ಉಪಗ್ರಹವೊಂದು ಹಿಡಿಯಿತು. ಮೂವರೂ ಬದುಕಿ ಬಂದರು. ಅದು ಶೀತಲ ಸಮರದ ಕಾಲ, ಆದರೂ ಎರಡೂ ಬಣಗಳು ಸೇರಿ ಕಟ್ಟಿದ ವ್ಯವಸ್ಥೆಯಿದು, ಹೆಸರು ಕಾಸ್ಪಾಸ್-ಸಾರ್ಸ್ಯಾಟ್. ಇದರ ಭಾರತೀಯ ನಿಯಂತ್ರಣ ಕೇಂದ್ರ ಇರುವುದು ಬೆಂಗಳೂರಿನಲ್ಲಿ, ಇಸ್ರೊದ ಇಸ್ಟ್ರ್ಯಾಕ್‌ನಲ್ಲಿ. ನೇಪಾಳ, ಭೂತಾನ್, ಶ್ರೀಲಂಕಾ, ಮಾಲ್ಡೀವ್ಸ್‌ಗಳ ಆಪತ್ಕರೆಗಳನ್ನೂ ಅದೇ ಕೇಂದ್ರ ನೋಡಿಕೊಳ್ಳುತ್ತದೆ.