ಪೈಕ್ ಮೀನಿಗೆ ಗೇಣುದ್ದದ ಫ್ಲೈ: ಚಾಟಿಯಿಂದಲೇ ಎಸೆಯಬೇಕೆ?

ಕೊಕ್ಕೆಗೆ ಪುಕ್ಕ, ರೋಮ ಸುತ್ತಿ ಕಟ್ಟಿದ ಹುಸಿ ಎರೆಯಾದ ಫ್ಲೈಯನ್ನು ಫ್ಲೈ ಕೋಲಿನಿಂದಲೇ ಎಸೆಯಬೇಕು, ಮಾಮೂಲಿ ರೀಲಿನ ಕೋಲಿಗೆ ಅದು ಒಗ್ಗುವುದಿಲ್ಲ ಎಂಬ ನಂಬಿಕೆ ಗಾಳ ಹಾಕುವವರಲ್ಲಿ ಗಟ್ಟಿಯಾಗಿದೆ. ಸೊಳ್ಳೆ ಗಾತ್ರದ ಟ್ರೌಟ್ ಫ್ಲೈಗಳ ಮಟ್ಟಿಗೆ ಅದು ಬಹುಪಾಲು ಸರಿ. ಫ್ಲೈ ಕೋಲಿನಲ್ಲಿ ತೂಕವಿರುವುದು ದಪ್ಪ ನೂಲಿಗೆ. ಚಾಟಿಯಂತೆ ಬೀಸಿದರೆ ನೂಲು ಮುಂದೆ ಹೋಗುತ್ತದೆ, ಫ್ಲೈ ಅದರ ಬೆನ್ನು ಹಿಡಿಯುತ್ತದೆ. ಮಾಮೂಲಿ ಕೋಲಿನದು ಕವಣೆಯ ಲೆಕ್ಕ: ತುದಿಯಲ್ಲಿ ತೂಕವಿದ್ದರೆ ಮಾತ್ರ ಅದು ನೂಲನ್ನು ಎಳೆದೊಯ್ಯುತ್ತದೆ. ಯುರೋಪ್, ಉತ್ತರ ಅಮೆರಿಕದ ಪೈಕ್‌ಗೆ, ಅದರ ದಾಯಾದಿ ಮಸ್ಕಿಗೆ ಕಟ್ಟುವ ಫ್ಲೈ ಗೇಣುದ್ದ ಇರುತ್ತದೆ. ಒಂದಿಷ್ಟು ಸೀಸ ಸೇರಿಸಿದರೆ ಅದನ್ನು ಕವಣೆಯಂತೆಯೂ ಎಸೆಯಬಹುದು.

ಹಾಗೆಂದು ದೊಡ್ಡದೆಲ್ಲ ಭಾರವಲ್ಲ. ಬಕೆಟ್ ನೀರಿನಲ್ಲಿ ಅದ್ದಿ ನೋಡಿ. ಮೊಲದ ತುಪ್ಪಳದ ಪಟ್ಟಿ ಒದ್ದೆ ಬಟ್ಟೆಯಂತೆ ಜೋತುಬೀಳುತ್ತದೆ. ಜಿಂಕೆ ಬಾಲದ ರೋಮ ಒಮ್ಮೆ ಕೊಡವಿದರೆ ಮತ್ತೆ ಹಗುರ. ಅಮೆರಿಕದ ಲೆಫ್ಟಿ ಕ್ರೆ ರೂಪಿಸಿದ ಡಿಸೀವರ್ ಫ್ಲೈಯ ಜಾಣ್ಮೆಯೂ ಇದೇ: ನೀರೊಳಗೆ ತುಂಬಿಕೊಂಡ ಮೀನು, ಮೇಲೆತ್ತಿದರೆ ತೆಳ್ಳನೆಯ ಕಡ್ಡಿ. 1991ರಲ್ಲಿ ಅದು ಅಮೆರಿಕದ ಅಂಚೆಚೀಟಿಯನ್ನೂ ಏರಿತು.

ಹೆಚ್ಚು ಜನ ಎಡವುವುದು ಮುಂದಿನ ಮಾತಿನಲ್ಲಿ. ಚಮಚೆಯಾಕಾರದ ತಗಡಿನ ಹುಸಿ ಎರೆಯಷ್ಟೇ ತೂಕವಿದೆಯಲ್ಲ, ಅಷ್ಟೇ ದೂರ ಹೋಗಬೇಕು ಎನ್ನುತ್ತಾರೆ. ಹೋಗುವುದಿಲ್ಲ. ಕೆದರಿದ ರೋಮ ಗಾಳಿಗೆ ಸಿಕ್ಕು ಅರ್ಧ ದಾರಿಯಲ್ಲೇ ವೇಗ ಕಳೆದುಕೊಳ್ಳುತ್ತದೆ. ಎಸೆದಾಗ ನೂಲಿನ ಉರುಳೆಯೇ ತಿರುಗುವುದು ಬೇಟ್‌ಕಾಸ್ಟಿಂಗ್ ರೀಲಿನಲ್ಲಿ; ಆ ಉರುಳೆಗೆ ಅದು ಗೊತ್ತಾಗದು. ಮೊದಲಿನ ಭರದಲ್ಲೇ ತಿರುಗಿ ನೂಲು ಸುರಿಯುತ್ತದೆ, ಗುಬ್ಬಿ ಗೂಡಿನಂಥ ಸಿಕ್ಕು ಕೈಗೆ ಬರುತ್ತದೆ. ರೀಲಿನ ಬ್ರೇಕ್ ಬಿಗಿ ಮಾಡಿ, ಮಣಿಕಟ್ಟಿನ ಜರ್ಕು ಬಿಟ್ಟು ಇಡೀ ತೋಳಿನಿಂದ ನಿಧಾನಕ್ಕೆ ಬೀಸಿ. ಫ್ಲೈ ನೀರು ಮುಟ್ಟುವ ಮೊದಲೇ ಹೆಬ್ಬೆರಳು ಉರುಳೆಯನ್ನು ತಡೆಯಬೇಕು.

ಸೀಸವನ್ನೆಲ್ಲ ಫ್ಲೈಯ ತಲೆಗೇ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ಎಳೆತ ನಿಂತೊಡನೆ ಅದು ಮೂಗು ಅಡಿಯಾಗಿ ಮುಳುಗುತ್ತದೆ. ಪೈಕ್ ಎಷ್ಟೋ ಸಲ ಎರಗುವುದು ಆ ನಿಲುಗಡೆಯಲ್ಲೇ, ರೋಮ ಉಸಿರಾಡುವಂತೆ ಅರಳುವಾಗ. ಸೀಸದ ಗುಂಡು ಫ್ಲೈಗಿಂತ ಒಂದೆರಡು ಅಡಿ ಮುಂದಿದ್ದರೆ ಫ್ಲೈ ನೀರಿನಲ್ಲಿ ಹೆಚ್ಚು ಹೊತ್ತು ತೂಗಾಡುತ್ತದೆ.

ಫ್ಲೈ ಕಟ್ಟಲು ಮಾಮೂಲಿ ನೈಲಾನ್ ನೂಲು ಸಾಕೆಂಬುದು ಮೀನಿಗೇ ಕೇಡು. ಪೈಕ್‌ನ ಹಲ್ಲು ಅದನ್ನು ಕ್ಷಣದಲ್ಲಿ ಕತ್ತರಿಸುತ್ತದೆ. ಕೊಕ್ಕೆ, ಗೇಣುದ್ದದ ರೋಮ ಎರಡೂ ಅದರ ಗಂಟಲಲ್ಲೇ ಉಳಿಯಬಹುದು. ಫ್ಲೈಗೆ ಮುಂಚೆ ಉಕ್ಕಿನ ತಂತಿಯ ತುಂಡು ಇರಲೇಬೇಕು, ಕೊಕ್ಕೆ ಬಿಡಿಸಲು ಉದ್ದ ಮೂತಿಯ ಇಕ್ಕಳ ಜೇಬಿನಲ್ಲಿರಬೇಕು.