ಉಂಡ ಮೇಲಿನ ನೋವೆಲ್ಲ ‘ಗ್ಯಾಸ್ಟ್ರಿಕ್’ ಅಲ್ಲ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿದ ತೆಂಗಿನಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುತ್ತಾರೆ. ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಸದ್ದು ಮಾಡಿದರೆ ಸುಲಿಯಲು ಬಂತು ಎಂದರ್ಥ. ಇಷ್ಟು ಜೋಪಾನದ ಜನ, ಉಂಡ ಮೇಲೆ ಹೊಟ್ಟೆ ನೊಂದರೆ ಮಾತ್ರ ‘ಗ್ಯಾಸ್ಟ್ರಿಕ್’ ಎಂದು ತಾವೇ ತೀರ್ಮಾನಿಸಿ ಮೆಡಿಕಲ್ ಸ್ಟೋರಿನ ಮಾತ್ರೆ ನುಂಗುತ್ತಾರೆ. ಅದು ಒಂದು ಕಾಯಿಲೆಯ ಹೆಸರೇ ಅಲ್ಲ. ನೋವು ಎಲ್ಲಿ ಬಂತು, ಉಂಡು ಎಷ್ಟು ಹೊತ್ತಿಗೆ ಬಂತು, ಏನು ತಿಂದಾಗ ಬಂತು ಎಂಬುದನ್ನು ಗಮನಿಸಿದರೆ ಕಾರಣದ ಜಾಡು ಸಿಗುತ್ತದೆ.

ಮೊದಲು ಊಟದಲ್ಲಿನ ತೆಂಗನ್ನೇ ನೋಡೋಣ. ಹಸಿ ಕಾಯಿಯ ತಿರುಳಿನ ತೂಕದಲ್ಲಿ ಸುಮಾರು ಮೂರರಲ್ಲೊಂದು ಪಾಲು ಕೊಬ್ಬು; ಒಣಕೊಬ್ಬರಿಯಲ್ಲಿ 100 ಗ್ರಾಮಿಗೆ ಸುಮಾರು 65 ಗ್ರಾಂ. ಕೊಬ್ಬು ಹೆಚ್ಚಾದ ಊಟ ಜಠರದಿಂದ ನಿಧಾನವಾಗಿ ಇಳಿಯುತ್ತದೆ, ಅದಕ್ಕೇ ಹೊಟ್ಟೆ ಭಾರ, ಉಬ್ಬರ. ಅದೇ ಕೊಬ್ಬು ಸಣ್ಣಕರುಳಿಗೆ ಬಂದಾಗ ಪಿತ್ತಕೋಶ ಹಿಂಡಿಕೊಂಡು ಪಿತ್ತರಸ ಬಿಡುತ್ತದೆ. ಅಲ್ಲಿ ಕಲ್ಲಿದ್ದು ನಾಳಕ್ಕೆ ಅಡ್ಡ ಬಂದರೆ ಬಲ ಪಕ್ಕೆಯ ಕೆಳಗೋ ಮೇಲ್ಹೊಟ್ಟೆಯ ನಡುವೆಯೋ ಜೋರಾಗಿ ನೋವೆದ್ದು, ಬೆನ್ನಿಗೆ, ಬಲ ಭುಜಕ್ಕೆ ಹರಿದು, ಗಂಟೆಗಟ್ಟಲೆ ಬಿಡುವುದಿಲ್ಲ. ಹಾಗಾದರೆ ತೆಂಗೇ ತಪ್ಪೇ ಎಂದು ಕೇಳಬಹುದು. ಅಲ್ಲ, ಮೊದಲೇ ಕೂತಿದ್ದ ಕಲ್ಲನ್ನು ಆ ಊಟ ತೋರಿಸಿಕೊಟ್ಟಿತು, ಅಷ್ಟೇ. ಕಲ್ಲಿದೆಯೋ ಇಲ್ಲವೋ ಹೆಚ್ಚಿನವರಲ್ಲಿ ಹೊಟ್ಟೆಯ ಸ್ಕ್ಯಾನಿಂಗ್‌ನಲ್ಲೇ ತಿಳಿಯುತ್ತದೆ.

ಮಾತ್ರೆ ನುಂಗಿದರೆ ನೋವು ಹೋಗುತ್ತದಲ್ಲ ಎಂಬ ಮಾತೂ ಇದೆ. ಹೋಗುತ್ತದೆ, ನಿಜ, ಆದರೆ ಆಮ್ಲ ತಗ್ಗಿಸುವ ಮಾತ್ರೆ ಹುಣ್ಣಿನ ನೋವನ್ನೂ ಮರೆಸಬಲ್ಲದು. ಬಹಳಷ್ಟು ಹುಣ್ಣುಗಳಿಗೆ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಕಾರಣ. ಅದನ್ನು ಕಂಡುಹಿಡಿದ ಬ್ಯಾರಿ ಮಾರ್ಷಲ್, ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ಆ ಸೋಂಕು ಹೋಗಬೇಕಾದರೆ ವೈದ್ಯರು ಬರೆದುಕೊಟ್ಟ ಆಂಟಿಬಯಾಟಿಕ್ ಕೋರ್ಸ್ ಮುಗಿಸಲೇಬೇಕು. ಹುಣ್ಣಿಗೆ ಇನ್ನೊಂದು ದೊಡ್ಡ ಕಾರಣ ನೋವಿನ ಮಾತ್ರೆ. ತೋಟದಲ್ಲಿ ದುಡಿದು ಬಂದು ಮೈಕೈ ನೋವಿಗೆಂದು ದಿನವೂ ನುಂಗುವವರಿಗೆ ಈ ಮಾತನ್ನು ಎಷ್ಟು ಸಲ ಹೇಳಿದರೂ ಸಾಲದು.

ಬರೀ ಉಬ್ಬರವಾದರೆ ಒಂದೇ ಸಲ ಹೊಟ್ಟೆಬಿರಿಯ ಉಣ್ಣುವುದನ್ನು ಬಿಟ್ಟು, ಕರಿದದ್ದು ಕಡಿಮೆ ಮಾಡಿ, ರಾತ್ರಿ ಉಂಡು ಎರಡು ಮೂರು ಗಂಟೆ ಬಿಟ್ಟು ಮಲಗಿದರೆ ಎಷ್ಟೋ ಹಗುರಾಗುತ್ತದೆ. ಮಲ ಕಪ್ಪಗಾದರೆ, ಕಣ್ಣು ಹಳದಿಯಾದರೆ, ನೋವಿನ ಜತೆ ಜ್ವರ ಬಂದರೆ, ತೂಕ ಇಳಿಯುತ್ತಿದ್ದರೆ ಮನೆಮದ್ದಿಗೆ ಕಾಯಬೇಡಿ. ಮೇಲ್ಹೊಟ್ಟೆ ಹಿಡಿದುಕೊಂಡು ಮೈ ಬೆವತು ಉಸಿರು ಕಟ್ಟಿದರೆ ಅದು ಹೃದಯಾಘಾತವೂ ಇರಬಹುದು; ಸೋಡಾ ಕುಡಿಸುತ್ತಾ ಕೂರದೆ ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಇಸಿಜಿ ಮಾಡಿಸಿ.