ಕ್ರಯವೋ, ಬಾಡಿಗೆಯೋ?

ಮನೆಯನ್ನು ಕ್ರಯಕ್ಕೆ ಪಡೆಯುವುದಕ್ಕೂ ಬಾಡಿಗೆಗೆ ಹಿಡಿಯುವುದಕ್ಕೂ ಇರುವ ಭೇದವನ್ನು ಅರಿಯದ ಗೃಹಸ್ಥರಾರು? ಕ್ರಯದಿಂದ ಸ್ವತ್ವವು ಲಭಿಸುವುದು. ಬಾಡಿಗೆಯಿಂದ ಕೇವಲ ಅನುಭೋಗವು. ಇಷ್ಟು ವಿವೇಕವುಳ್ಳ ನಾವು, ಅಂತರ್ಜಾಲದಿಂದ ಟೆಲಿವಿಷನ್ನಿಗೂ ಮೊಬೈಲಿಗೂ ಬರುವ ಚಲಚ್ಚಿತ್ರಗಳ ವಿಷಯದಲ್ಲಿ ಮಾತ್ರ ಆ ಭೇದವನ್ನು ಮರೆತು ಹಣ ತೆರುತ್ತಲಿದ್ದೇವೆ.

1959ನೆಯ ಇಸವಿ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಟೆಲಿವಿಷನ್ ಪ್ರಸಾರವು ಆರಂಭವಾಯಿತು. ಆಕಾಶದಲ್ಲಿ ಹರಡಿದ ಆ ಅಲೆಯನ್ನು ಯಾರು ಹಿಡಿದರು, ಎಷ್ಟು ಮಂದಿ ನೋಡಿದರು ಎಂಬುದು ಕಳುಹಿದವರಿಗೆ ತಿಳಿಯುವಂತಿರಲಿಲ್ಲ. ಅಂತರ್ಜಾಲದ ರೀತಿಯೇ ಬೇರೆ. ಇಲ್ಲಿ ಚಿತ್ರವು ಕೇಳಿದವನಿಗೆ ಮಾತ್ರ, ಬೀಗ ಹಾಕಿಕೊಂಡು ಬರುವುದು. ಬೀಗದ ಕೈಯು ಕಂಪೆನಿಯ ವಶದಲ್ಲಿರುವುದು. ನಮಗೆ ದೊರೆಯುವುದು ಅದರ ಎರವು ಮಾತ್ರ.

ಪ್ರಸಾರವಾದ ಕಾರ್ಯಕ್ರಮವನ್ನು ಗೃಹಸ್ಥನು ವಿಡಿಯೋ ಯಂತ್ರದಲ್ಲಿ ಹಿಡಿದಿಟ್ಟು ಅನುಕೂಲವಾದ ಹೊತ್ತಿನಲ್ಲಿ ನೋಡುವುದು ತಪ್ಪಲ್ಲವೆಂದು 1984ರಲ್ಲಿ ಅಮೆರಿಕದ ಪರಮೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಬೀಗ ಬಿದ್ದ ಚಿತ್ರದಲ್ಲಿ ಆ ಸೌಕರ್ಯವಿಲ್ಲ. ಕೃತಿಸ್ವಾಮ್ಯವನ್ನು ಭಂಗಿಸುವ ಉದ್ದೇಶದಿಂದ ಇಂಥ ಬೀಗವನ್ನು ಮುರಿದವನಿಗೆ ಎರಡು ವರ್ಷಗಳವರೆಗೆ ಸೆರೆವಾಸವನ್ನೂ ಜುಲ್ಮಾನೆಯನ್ನೂ ನಮ್ಮ ದೇಶದ 2012ರ ತಿದ್ದುಪಡಿಯು ವಿಧಿಸಿದೆ.

ಎರವಾಗಿ ಕೊಟ್ಟವರು ಹಿಂದಕ್ಕೆ ಪಡೆದರೆ? ಪುಸ್ತಕಗಳ ವಿಷಯದಲ್ಲಿ ಇದು ಆಗಲೇ ನಡೆದುಹೋಗಿದೆ. 2009ರ ಜುಲೈ ತಿಂಗಳಲ್ಲಿ ಅಮೆಜಾನ್ ಕಂಪೆನಿಯು, ಮಾರಿದವನಿಗೆ ಹಕ್ಕಿರಲಿಲ್ಲವೆಂಬ ಕಾರಣದಿಂದ, ಜಾರ್ಜ್ ಆರ್ವೆಲನ ಎರಡು ಕಾದಂಬರಿಗಳನ್ನು ಓದುಗರ ಕಿಂಡಲ್ ಯಂತ್ರಗಳಿಂದ ಅಳಿಸಿಹಾಕಿತು. ಹಣವು ಹಿಂದಿರುಗಿತು, ನಿಜ. ಆದರೆ ಬೀರುವಿನೊಳಗಿದ್ದ ಪುಸ್ತಕವು ರಾತ್ರಿ ಕಳೆಯುವುದರೊಳಗೆ ಮಾಯವಾಗುವುದಾದರೆ, ಅದು ಎಂದಿಗೂ ನಮ್ಮದಾಗಿರಲಿಲ್ಲವೆಂದೇ ಅರ್ಥವಷ್ಟೆ.

ಕೃತಿಕಾರನ ಅನ್ನವನ್ನು ಕಸಿಯಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಹಾಡು ಬರೆದವರಿಗೂ ರಾಗ ಕೂಡಿಸಿದವರಿಗೂ ಆದಾಯದಲ್ಲಿ ಪಾಲುಂಟೆಂದು ಅದೇ 2012ರ ತಿದ್ದುಪಡಿಯು ಹೇಳಿದುದು ನ್ಯಾಯವೇ ಸರಿ. ಆದರೆ ಚಲಚ್ಚಿತ್ರದ ಮೇಲಣ ಸ್ವಾಮ್ಯಕ್ಕೆ ನಮ್ಮಲ್ಲಿ 60 ವರ್ಷಗಳ ಅವಧಿಯುಂಟು. ಬಳಿಕ ಅದು ಸರ್ವಜನರ ಸೊತ್ತು. ಬೀಗಕ್ಕೆ ಪಂಚಾಂಗವು ತಿಳಿಯದು. ಬಿಡಿ ಪ್ರತಿಯೊಂದೂ ಯಾರ ಮನೆಯಲ್ಲಿಯೂ ಉಳಿಯದಿದ್ದರೆ ಆ ಸೊತ್ತನ್ನು ಎಲ್ಲಿಂದ ತರುವುದು? 1934ರಲ್ಲಿ ತೆರೆಕಂಡ ಕನ್ನಡದ ಮೊದಲನೆಯ ವಾಕ್ಚಿತ್ರ 'ಸತಿ ಸುಲೋಚನಾ'ದ ಒಂದು ಪ್ರತಿಯೂ ಇಂದು ದೊರೆಯದು. ಬೀಗವಿಲ್ಲದ ಕಾಲದಲ್ಲಿಯೇ ಹೀಗಾದರೆ ಮುಂದಿನ ಗತಿಯೇನು?

ಮುಂದೆ ಎರಡು ದಾರಿಗಳಿವೆ. ಪ್ರತಿ ನೋಟಕ್ಕೂ ಹಣ ತೆತ್ತು, ಯಾವುದನ್ನೂ ಉಳಿಸಿಕೊಳ್ಳದೆ, ಮೊಮ್ಮಕ್ಕಳಿಗೆ ಬರಿಯ ರಸೀತಿಗಳನ್ನು ಬಿಟ್ಟುಹೋಗುವುದು ಒಂದು. ಮಾರುವವನು ಸತ್ಯವನ್ನು ನುಡಿಯುವಂತೆಯೂ, ಗ್ರಂಥಾಲಯಗಳಲ್ಲಿ ಪ್ರತಿಯು ಉಳಿಯುವಂತೆಯೂ ಕಾನೂನನ್ನು ಬೇಡುವುದು ಇನ್ನೊಂದು. ಅನುಮತಿಯನ್ನು ಮಾತ್ರ ಕೊಡುವವರು ಅದನ್ನು ಸ್ಪಷ್ಟವಾಗಿ ತಿಳಿಸದೆ 'ಕೊಳ್ಳಿರಿ' ಎಂಬ ಮಾತನ್ನು ಬಳಸಕೂಡದೆಂದು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 2025ರ ಜನವರಿ 1ರಿಂದ ನಿಯಮವಾಗಿದೆ. ಅಂಥ ನಿಯಮವು ನಮ್ಮಲ್ಲಿಯೂ ಬರತಕ್ಕುದು.

ಅಲ್ಲಿಯವರೆಗೆ ವಾಚಕ ಮಹಾಶಯರು ಹಣ ತೆರುವ ಮುನ್ನ ತಮ್ಮನ್ನು ತಾವೇ ಕೇಳಿಕೊಳ್ಳಲಿ: ಇದು ಕ್ರಯವೋ, ಬಾಡಿಗೆಯೋ? ಬಾಡಿಗೆಯೆಂದು ತಿಳಿದು ಕೊಟ್ಟರೆ ದುಃಖವಿಲ್ಲ.